ಕುರಿಮರಿಯ ಕತೆಯ ಮುಕ್ತಾಯ

ಅಕ್ಷರಗಳು ಒಮ್ಮೆ ಓದಿದೊಡನೆ ಹಾಳೆಯಿಂದ ಅಳಿಸಿಹೋಗುತ್ತವೆ. ಅದಕ್ಕೇ ಪಾಠ ಕೇಳಿ ನೆನಪಿಟ್ಟುಕೊಳ್ಳಲು ಪ್ರತಿ ತರಗತಿಗೂ ಒಬ್ಬರು ಮುದುಕರು, ಅವರಿಗೊಂದು ಕುರ್ಚಿ ಇರುತ್ತದೆ. ನಾಲ್ಕನೆಯ ತರಗತಿಗೆ ನಾನು. ಪಾಠ ತಿರುಚಿದವರು ಮತ್ತೆ ಆ ಕುರ್ಚಿಯಲ್ಲಿ ಕೂರುವಂತಿಲ್ಲ.

ಕುರಿಮರಿಯ ಕತೆ ಓದಿದ ದಿನ ನೀಲಗಂಗಾ ಜ್ವರದಿಂದ ಮಲಗಿದ್ದಳು. ಸಂಜೆ ಅವಳ ಮನೆಗೆ ಹೋಗಿ ನಾನೇ ಕತೆ ಹೇಳಿ ಬಂದಿದ್ದೆ.

ಇಂದು ಪುನರಾವರ್ತನೆ. "ಮುಖ್ಯ ಪಾತ್ರ ಯಾವುದು, ನೀಲಗಂಗಾ?" ಎಂದರು ಟೀಚರು.

"ಕುರಿಮರಿ ರೀ."

"ಕತೀ ಮುಕ್ತಾಯ?"

"ಮರಿ ಹಟ್ಟಿಗೆ ವಾಪಸ್ ಬಂತ್ರೀ."

ಮಕ್ಕಳೆಲ್ಲ ನಕ್ಕರು. "ತೋಳ ತಿಂತಲ್ಲೇ! ಜ್ವರದಾಗ ಕನಸು ಕಂಡಾಳ್ರೀ ಟೀಚರ್!"

"ಖರೇನ ಬಂತು," ಎಂದಳು ಹುಡುಗಿ. ಕಣ್ಣು ತುಂಬಿತ್ತು.

ಟೀಚರು ನನ್ನತ್ತ ತಿರುಗಿದರು. "ಅಜ್ಜಾರ, ನೀವ ಹೇಳ್ರಿ."

ಮರಿ ಬಂತು ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಆದರೆ ಉಳಿದ ಮಕ್ಕಳ ನೆನಪು ಸುಳ್ಳಾಗುತ್ತಿತ್ತು.

"ತೋಳ ತಿಂದದ್ದ ಖರೆ," ಎಂದೆ. "ಜ್ವರದ ಕೂಸಿಗೆ ಅದನ್ನ ಹೇಳಾಕ ಬಾಯಿ ಬರಲಿಲ್ಲ. ತಪ್ಪು ನಂದು."

ಕುರ್ಚಿ ಬಿಟ್ಟು ಎದ್ದೆ. ಟೀಚರು ನೀಲಗಂಗಾಳಿಗೆ ಪೂರ್ತಿ ಅಂಕ ಕೊಟ್ಟರು. "ಕೇಳಿದ್ದನ್ನ ಬರೋಬ್ಬರಿ ಹೇಳ್ಯಾಳ."

ಬಾಗಿಲ ಕಡೆ ನಡೆದೆ. ನೀಲಗಂಗಾ ಬೆಂಚಿನಲ್ಲಿ ಒತ್ತಟ್ಟಿಗೆ ಸರಿದಳು.

"ಅಜ್ಜಾ, ಇಲ್ಲೆ ಕುಂದ್ರು. ಜಾಗ ಐತಿ."