ತಗ್ಗಿದ ಭುಜ

"ನನ್ನ ಎಡಭುಜ ತಗ್ಗಿರೋದು ನಿಮ್ಮಲ್ಲೇ ಇರ್ಲಿ ಮಾಸ್ಟ್ರೇ," ಎಂದು ಹೊಸ ನಟ ಕೈ ಹಿಡಿದು ಬೇಡಿದಾಗ ದರ್ಜಿ ಮಾತು ಕೊಟ್ಟಿದ್ದ. ಇಪ್ಪತ್ತು ವರ್ಷ ಅವನ ಪ್ರತಿ ಅಂಗಿಯ ಎಡಹೆಗಲಲ್ಲಿ ಒಂದು ಪದರ ಹತ್ತಿ ಹೆಚ್ಚಿಟ್ಟು, ಸದ್ದಿಲ್ಲದೆ ಆ ಮಾತನ್ನು ಉಳಿಸಿಕೊಂಡು ಬಂದಿದ್ದ.

ಈಗ ಅದೇ ನಟ ಸೂಪರ್‌ಹೀರೋ ವೇಷದಲ್ಲಿ ನಿಂತ ಫೋಟೋ ಹೊರಬಿದ್ದಿತ್ತು. ಮೈಗಂಟುವ ಬಟ್ಟೆಯಲ್ಲಿ ಎಡಹೆಗಲ ಹತ್ತಿ ಅಡಗದೆ ಉಬ್ಬಿ ಕಾಣುತ್ತಿತ್ತು. ದರ್ಜಿಯ ಮಗಳು ಫೋನಿನಲ್ಲಿ ಅಭಿಮಾನಿಗಳ ಮಾತುಗಳನ್ನು ಓದಿ ಹೇಳುತ್ತಿದ್ದಳು. "'ಹೆಗಲಲ್ಲಿ ದಿಂಬಿಟ್ಕೊಂಡು ಲೋಕ ಕಾಯ್ತಾನಂತೆ.' 'ಇರ್ಲಿ ಬಿಡ್ರೋ, ಹಾರಿ ಸುಸ್ತಾದ್ರೆ ಅಲ್ಲೇ ಮಲಗ್ತಾನೆ.'" ದರ್ಜಿ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕೇಳುತ್ತಿದ್ದ.

ಅಷ್ಟರಲ್ಲಿ ನಟನೇ ಲೈವ್ ಬಂದ. "ತಪ್ಪು ನನ್ನದಲ್ಲಪ್ಪ. ನಮ್ಮ ಮಾಸ್ಟ್ರಿಗೆ ವಯಸ್ಸಾಯ್ತು, ಎಡ ಯಾವುದು ಬಲ ಯಾವುದು ಗೊತ್ತಾಗಲ್ಲ ಪಾಪ. ನಾಳೆಯಿಂದ ಬೇರೆಯವರು ಹೊಲೀತಾರೆ," ಎಂದು ನಕ್ಕ.

ದರ್ಜಿ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟ.

"ಅಳತೆ ಪುಸ್ತಕ ತಗೊಳಮ್ಮಾ. ಅವನ ಎಡಭುಜ ಒಂದೂವರೆ ಇಂಚು ತಗ್ಗು ಅಂತ ಬರೆದಿರೋ ಪುಟದ ಫೋಟೋ ಹೊಡೆದು ನೆಟ್‌ಗೆ ಹಾಕು."

"ಅಪ್ಪಾ, ಅವನನ್ನ ಹರಿದು ತಿಂತಾರೆ."

"ತಿನ್ಲಿ. ಹಸಿದಿದ್ದಾರೆ."

ಮಗಳು ಹಾಕಿದಳು. ದರ್ಜಿ ಮಾತಿಗೆ ತಪ್ಪಿದ.