ಸುರಕ್ಷಿತ ಕೋಣೆ

ಸರಪಳಿ ತೆಗೆಯದೆ, ಬಾಗಿಲ ಸಂದಿಯಿಂದಲೇ ಕೈ ಚಾಚಿ ಬೀಗದಪ್ಪ ಆ ಹೆಂಗಸಿನ ಗುರುತಿನ ಚೀಟಿ ಇಸಿದುಕೊಂಡ. ಹಿಂದೆ ಮುಂದೆ ತಿರುಗಿಸಿದ. ಫೋಟೋ ಅವಳದೇ. ಆದರೂ ಹೆಂಡತಿ ಕೆಲಸಕ್ಕೆ ಸೇರಿದ್ದ ಕಂಪನಿಗೆ ಫೋನು ಮಾಡಿ, ಹೌದು, ನಾವೇ ಕಳಿಸಿದ್ದು ಎಂದು ಅವರ ಬಾಯಿಂದ ಕೇಳಿದ ಮೇಲೆಯೇ ಒಳಗೆ ಬಿಟ್ಟದ್ದು.

"ತಪ್ಪು ತಿಳ್ಕೋಬೇಡಿ ಮೇಡಂ. ಕಾಲ ಕೆಟ್ಟಿದೆ."

"ಒಳ್ಳೇದೇ ಸರ್. ನಿಮ್ಮಂಥವರು ಮನೆಗೊಬ್ಬರಿದ್ರೆ ನಮಗೆ ಕೆಲಸಾನೇ ಇರಲ್ಲ," ಎಂದು ಅವಳು ನಕ್ಕಳು.

ಬೀಗದಪ್ಪ ಎಂಬುದು ಅವನ ಹೆಸರಲ್ಲ. ಗೋದಾಮಿನ ಉಸ್ತುವಾರಿಯಲ್ಲಿದ್ದಾಗ, ಹಾಕಿದ ಬೀಗವನ್ನೇ ಮತ್ತೆ ಮತ್ತೆ ಜಗ್ಗಿ ನೋಡುವ ಚಾಳಿಗೆ ಜೊತೆಯವರು ಇಟ್ಟದ್ದು. ಗೋದಾಮು ಮುಚ್ಚಿತು, ಹೆಸರು ಉಳಿಯಿತು. ಈಗ ಸಂಸಾರದ ನೊಗ ಹೆಂಡತಿಯ ಹೆಗಲಿಗೆ ಬಂದಿತ್ತು. ವಿಮಾ ಕಂಪನಿಯೊಂದರಲ್ಲಿ ಅರ್ಜಿ ಪರಿಶೀಲಿಸುವ ಕೆಲಸ. ಮನೆಯಿಂದಲೇ ಮಾಡಬಹುದು ಎಂದದ್ದಕ್ಕೇ ಅವನು ಒಪ್ಪಿದ್ದ. ನಯವಾಗಿ ಮಾತಾಡಿ ಸರ್ವಸ್ವ ದೋಚುವವರು, ಬೇಕಾದವರ ಧ್ವನಿಯಲ್ಲೇ ಫೋನು ಮಾಡುವವರು, ಎಲ್ಲರ ಸುದ್ದಿಯನ್ನೂ ದಿನಾ ಓದುತ್ತಿದ್ದವನು ಅವನು. ಹೆಂಡತಿಯೋ, ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವವಳು. ಅದಕ್ಕೇ ಅವಳ ಫೋನು ಅವನ ಜೇಬಿನಲ್ಲಿರುತ್ತಿತ್ತು. ಅವಳ ದಾಖಲೆಗಳು ಅವನ ಕಪಾಟಿನಲ್ಲಿ.

ಕೆಲಸ ಮಾಡುವ ಕೋಣೆ ಸುರಕ್ಷಿತವೇ ಎಂದು ನೋಡಲು ಕಂಪನಿ ಕಳಿಸಿದ್ದ ಆ ಇಂಜಿನಿಯರ್ ಹಿಂದಿನ ಕೋಣೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಸುತ್ತ ಕಣ್ಣಾಡಿಸಿದಳು. ಕಿಟಕಿಗೆ ಕಬ್ಬಿಣದ ಜಾಲರಿ. ಮೂಲೆಯಲ್ಲಿ ಪುಟ್ಟ ಕ್ಯಾಮೆರಾ.

"ಅದನ್ನ ತೆಗೀಬೇಕು ಸರ್. ಗ್ರಾಹಕರ ವಿಷಯ ಪರದೆ ಮೇಲಿರುತ್ತೆ."

"ಅದು ಕಳ್ಳರಿಗೆ ಅಂತ ಹಾಕಿದ್ದು."

"ಒಳಗಿನ ಕೋಣೇಲಾ?"

"ಕಳ್ಳ ಹೇಳಿ ಕೇಳಿ ಬರ್ತಾನಾ ಮೇಡಂ?"

ಬೀಗದಪ್ಪ ಅವಳ ಕಣ್ಣು ಹೋದಲ್ಲೆಲ್ಲ ನೋಡಿದ. ಕಿಟಕಿ, ಬಾಗಿಲು, ಕ್ಯಾಮೆರಾ. ಕನ್ನ ಹಾಕುವವರೂ ಮೊದಲು ನೋಡುವುದು ಇವನ್ನೇ ಅಲ್ಲವೇ?

"ಈ ಕೋಣೆ ಬೀಗದ ಕೈ ಯಾರ ಹತ್ರ ಇರುತ್ತೆ?" ಇಂಜಿನಿಯರ್ ಕೇಳಿದ್ದು ಹೆಂಡತಿಯನ್ನು. ಹೆಂಡತಿ ಗಂಡನ ಮುಖ ನೋಡಿದಳು.

"ನನ್ನ ಹತ್ರ," ಎಂದ ಬೀಗದಪ್ಪ. "ಅವಳಿಗೆ ಮರೆವು ಜಾಸ್ತಿ."

"ಪಾಸ್‌ವರ್ಡ್ ಬೇರೆ ಯಾರಿಗಾದ್ರೂ ಹೇಳ್ತೀರಾ ಮೇಡಂ?"

"ಗಂಡ ಹೆಂಡ್ತಿ ಮಧ್ಯೆ ಏನು ಗುಟ್ಟು?" ಅದಕ್ಕೂ ಅವನೇ ಉತ್ತರ ಕೊಟ್ಟ.

"ಇನ್ಮೇಲೆ ಇದೊಂದು ಇರಬೇಕು ಸರ್. ಕಂಪನಿ ನಿಯಮ. ಅವರು ಟೈಪ್ ಮಾಡೋವರೆಗೆ ಸ್ವಲ್ಪ ಆ ಕಡೆ ತಿರುಗಿ."

ಅವನು ಗೋಡೆಗೆ ಮುಖ ಮಾಡಿ ನಿಂತ. ಬೆನ್ನ ಹಿಂದೆ ಟಕಟಕ ಸದ್ದು. ಇನ್ನೇನು ನಿಲ್ಲುತ್ತದೆ ಎಂದುಕೊಂಡ, ನಿಲ್ಲಲಿಲ್ಲ. ತನಗೆ ತಿಳಿಯದ ಒಂದಕ್ಷರವೂ ಈವರೆಗೆ ಅವಳ ಬಳಿ ಇರಲಿಲ್ಲ.

"ಇಷ್ಟುದ್ದ ಪಾಸ್‌ವರ್ಡಾ?"

ಇಂಜಿನಿಯರ್ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ ಸದ್ದು ಕೇಳಿತು. "ಉದ್ದ ಇದ್ದಷ್ಟೂ ಕ್ಷೇಮ ಸರ್. ಮೇಡಂ, ಸರಿಯಾಗಿದೆ. ಅಳಿಸಿಬಿಡ್ತೀನಿ, ಪರದೆ ಮೇಲೆ ಉಳೀಬಾರದು."

ಅವನು ತಿರುಗಿದಾಗ ಇಂಜಿನಿಯರ್ ಮುಖದ ನಗು ಮಾಯವಾಗಿತ್ತು. ಏನೋ ಲೆಕ್ಕ ಹಾಕುತ್ತಿದ್ದಾಳೆ ಎಂದು ಬೀಗದಪ್ಪನ ಎದೆ ಹೇಳಿತು.

"ಬೆರಳಚ್ಚು ಒಂದು ಬಾಕಿ ಸರ್. ಅದನ್ನ ಆಫೀಸಲ್ಲೇ ಕೊಡಬೇಕು. ಗುರುತಿನ ದಾಖಲೆಗಳು ಅಸಲಿನೇ ಬೇಕು. ಕಾರು ಕೆಳಗಿದೆ, ನಾನೇ ಕರ್ಕೊಂಡು ಹೋಗ್ತೀನಿ."

"ನಾನೂ ಬರ್ತೀನಿ."

"ಧಾರಾಳವಾಗಿ ಬನ್ನಿ. ಆದ್ರೆ ಅಲ್ಲಿ ಬೆರಳಿಟ್ಟ ತಕ್ಷಣ ಇಲ್ಲಿ ಪರದೆ ಹಸಿರಾಗುತ್ತೆ. ಆಗ ಯಾರಾದ್ರೂ ಈ ಗುಂಡಿ ಒತ್ತಬೇಕು. ಇಲ್ಲಾಂದ್ರೆ ಮೇಡಂ ಕೆಲಸ ರದ್ದು. ಪಕ್ಕದ ಮನೆಯವರನ್ನ ಕೂರಿಸೋಣವಾ?"

ಪಕ್ಕದ ಮನೆಯವರನ್ನು ಅವನು ಹೊಸ್ತಿಲು ದಾಟಿಸಿದವನೇ ಅಲ್ಲ. ಕೆಲಸ ತಪ್ಪಿದರೆ ಮನೆ ನಡೆಯುವುದಿಲ್ಲ. ಒಲ್ಲದ ಮನಸ್ಸಿನಿಂದ ಕಪಾಟು ತೆರೆದ. ಚಪ್ಪಲಿ ಮೆಟ್ಟುವಾಗ ಹೆಂಡತಿಯ ಕಾಲು ತಡವರಿಸಿತು. ಪಾಪ, ಹೊರಗೆ ಹೋಗಿ ಅಭ್ಯಾಸವಿಲ್ಲ.

"ಬೇಗ ಬಂದ್ಬಿಡು."

"ಹೂಂ ರೀ," ಎಂದಳು. ತಿರುಗಿ ನೋಡಲಿಲ್ಲ.

ಪರದೆಯ ಮೇಲೆ ಬಿಳಿ ಚಕ್ರ ತಿರುಗುತ್ತಿತ್ತು. ಅವನು ಕಣ್ಣಲ್ಲಿ ಕಣ್ಣಿಟ್ಟು ಕಾದ. ನೀರು ಕುಡಿಯಲೂ ಏಳಲಿಲ್ಲ. ಗೋಡೆಯ ಮೇಲಿದ್ದ ಬಿಸಿಲು ನೆಲಕ್ಕಿಳಿಯಿತು, ಹಸಿರು ಮೂಡಲಿಲ್ಲ. ಇಂಜಿನಿಯರ್ ಫೋನು ಸ್ವಿಚ್ ಆಫ್. ಕಂಪನಿಯ ನಂಬರ್ ಒತ್ತಿದ.

"ಬೆರಳಚ್ಚಾ?" ಎಂದಿತು ಆ ಕಡೆಯ ಧ್ವನಿ. "ನಮ್ಮಲ್ಲಿ ಆ ಪದ್ಧತಿನೇ ಇಲ್ವಲ್ಲ ಸರ್. ಆ ಇಂಜಿನಿಯರೂ ಆಫೀಸಿಗೆ ವಾಪಸ್ ಬಂದಿಲ್ಲ."

ಕಾಯಬೇಕಾದವಳೇ ಕದ್ದಿದ್ದಳು; ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದೂ ಅವನೇ ದಾಖಲೆ ಕೊಟ್ಟು, ಅವನೇ ಸರಪಳಿ ತೆಗೆದು ಕಳಿಸಿಕೊಟ್ಟಿದ್ದ. ಕಣ್ಣು ಮುಚ್ಚಿದರೆ ಅದೇ ಚಿತ್ರ. ಯಾವುದೋ ಮುಚ್ಚಿದ ಕೋಣೆ. ಕೈಯಲ್ಲಿ ಫೋನಿಲ್ಲ. ಕೂಗಿದರೆ ಕೇಳುವವರಿಲ್ಲ. ಹೊರಗಿನಿಂದ ಬೀಗ ಜಗ್ಗಿ ನೋಡುವ ಸದ್ದಿಗೇ ಬೆಚ್ಚಿ ಮೂಲೆ ಸೇರುವ ಹೆಂಡತಿ. ಅವನಿಗೆ ಅಳು ಒತ್ತರಿಸಿ ಬಂತು.

ಪೊಲೀಸ್ ಠಾಣೆಗೆ ಫೋನು ಹೋಯಿತು.

"ನನ್ನ ಹೆಂಡ್ತೀನ ಯಾರೋ ಎತ್ಕೊಂಡು ಹೋಗಿದ್ದಾರೆ ಮೇಡಂ! ದಮ್ಮಯ್ಯ, ಏನಾದ್ರೂ ಮಾಡಿ."

"ಸಮಾಧಾನ ಮಾಡ್ಕೊಳ್ಳಿ. ಮನೆ ವಿಳಾಸ ಹೇಳಿ."

ಹೇಳಿದ. ಆ ಕಡೆ ಫೋನಿಗೆ ಕೈ ಅಡ್ಡ ಹಿಡಿದಂತಾಯಿತು. ಯಾರನ್ನೋ ಮೆಲ್ಲಗೆ ಕೇಳುವ ಸದ್ದು.

"ಗಾಬರಿ ಬೇಡ. ಅವರು ಇಲ್ಲೇ, ನನ್ನೆದುರಿಗೇ ಕೂತಿದ್ದಾರೆ. ಕ್ಷೇಮವಾಗಿದ್ದಾರೆ."

ಬೀಗದಪ್ಪನಿಗೆ ಹೋದ ಜೀವ ಬಂದಂತಾಯಿತು. ಕಣ್ಣೀರು ಒರೆಸಿಕೊಳ್ಳುತ್ತಲೇ ಹಲ್ಲು ಕಚ್ಚಿದ.

"ಅವಳನ್ನ ಕೂಡಿಹಾಕಿದ್ದವನು? ಅವನು ಸಿಕ್ಕಿದ್ನಾ ಮೇಡಂ?"

"ಸಿಕ್ಕಿದ ಸರ್. ನೀವು ಮನೇಲೇ ಇರಿ, ನಮ್ಮವರು ನಿಮ್ಮ ಬೀದಿಗೆ ಬಂದಿದ್ದಾರೆ."