ಬಲಗಡೆಯ ಹಿಂಗಾಲು

ಚರ್ಚಿನ ಮುಂದೆ ಸಾಲುಗಟ್ಟಿ ನಿಂತಿದ್ದ ಹತ್ತು ಹೇಸರಗತ್ತೆಗಳೂ ಕುಂಟುತ್ತಿದ್ದವು. ಕುಂಟಿದರೆ ಕುಂಟಲಿ, ಎಲ್ಲವೂ ಮುಂದಿನ ಎಡಗಾಲಲ್ಲೇ ಕುಂಟಬೇಕೆ? ಲಾಳ ಕಟ್ಟುವ ಸ್ತಾಮುಲಿಸ್ ಊರಿಗೆಲ್ಲ ಒಂದೇ ಉಪಾಯ ಹಂಚಿದ್ದ: ಗೊರಸಿನ ಸಂದಿಗೆ ಒಂದು ಕಲ್ಲು.

ಇಟಲಿಯವರು ಗಡಿ ದಾಟಿ ಹತ್ತು ದಿನವಾಗಿತ್ತು. ಯುದ್ಧಕಾಲದಲ್ಲಿ ಗ್ರೀಸ್ ಸರ್ಕಾರ ಯಾರ ಪ್ರಾಣಿಯನ್ನಾದರೂ ವಶಕ್ಕೆ ತೆಗೆದುಕೊಳ್ಳಬಹುದು, ಮೋಸ ಮಾಡಿದವರಿಗೆ ಜೈಲು ಎಂಬ ಆಜ್ಞೆಯನ್ನು ಲೆಫ್ಟಿನೆಂಟ್ ಡೆಲಿಸ್ ಓದಿ ಹೇಳಿದ. ಕುಂಟುವ ಪ್ರಾಣಿ ಮಾತ್ರ ಬೇಡವಂತೆ. ಆಮೇಲೆ ಒಂದೊಂದೇ ಎಡಗಾಲು ಎತ್ತಿಸಿ, ಕಲ್ಲು ಕಿತ್ತು, ಹತ್ತನ್ನೂ ಪಟ್ಟಿಗೆ ಸೇರಿಸಿದ. ಜೈಲಿನ ಮಾತು ಮತ್ತೆ ಎತ್ತಲಿಲ್ಲ. ಸ್ತಾಮುಲಿಸ್ ಆಕಾಶ ನೋಡುತ್ತ ನಿಂತ.

ಕೊನೆಗೆ ಬಂದವಳು ವಿಧವೆ ಗರುಫಾಲಿಯಾ. ಸ್ತಾಮುಲಿಸನ ಬುದ್ಧಿಯ ಮೇಲೆ ಆಕೆಗೆ ಎಂದೂ ನಂಬಿಕೆಯಿರಲಿಲ್ಲ. ತನ್ನ ಹೇಸರಗತ್ತೆ ಕನೆಲ್ಲಳ ಬಲಗಡೆಯ ಹಿಂಗಾಲಿಗೆ ಕಲ್ಲು ಸಿಕ್ಕಿಸಿ, ಮೇಲೆ ಹಳೇ ಬಟ್ಟೆ ಸುತ್ತಿದ್ದಳು. ಕನೆಲ್ಲ ಹೊರುವ ಸೌದೆಯಿಂದಲೇ ಆಕೆಯ ಹೊಟ್ಟೆ ತುಂಬಬೇಕು. ಲೆಫ್ಟಿನೆಂಟ್ ಎಡಗಾಲು ನೋಡಿದ, ಏನೂ ಸಿಗಲಿಲ್ಲ. ಹಿಂಗಾಲಿಗೆ ಕೈಯಿಟ್ಟು ಒದೆ ತಿನ್ನುವ ಧೈರ್ಯ ಬರಲಿಲ್ಲ. ಇದು ಬೇಡ ಎಂದು ಬರೆದುಬಿಟ್ಟ.

ಗೆದ್ದ ಖುಷಿಗೆ ಆಕೆಯ ನಾಲಗೆ ಸುಮ್ಮನಿರಲಿಲ್ಲ. “ಇಷ್ಟನ್ನೂ ಎಲ್ಲಿಗೆ ಹೊಡ್ಕೊಂಡು ಹೋಗ್ತೀಯಪ್ಪ?”

“ಪಿಂಡಸ್ ಬೆಟ್ಟಕ್ಕಮ್ಮ. ರಸ್ತೆ ಇಲ್ಲ, ಮೇಲೆ ಹಿಮ ಬೇರೆ. ಹತ್ತುವಾಗ ರೊಟ್ಟಿ, ಮದ್ದುಗುಂಡು. ಇಳಿಯುವಾಗ ಗಾಯ ಆದ ಹುಡುಗ್ರು.”

“ಹೊರೋಕೆ ಪ್ರಾಣಿ ಸಿಗ್ದೇ ಇದ್ರೆ?”

ಅವನು ಪಟ್ಟಿ ಮಡಚತೊಡಗಿದ.

ಆಕೆಯ ಒಬ್ಬನೇ ಮಗ ಲಾಂಬ್ರೋಸ್ ಸೈನಿಕನಾಗಿ ಹೋಗಿದ್ದೂ ಅದೇ ಬೆಟ್ಟಕ್ಕೆ. ಆಕೆ ಅಲ್ಲೇ ಬಗ್ಗಿ, ಬಟ್ಟೆ ಬಿಚ್ಚಿ, ಕಲ್ಲು ಕಿತ್ತು ಲೆಫ್ಟಿನೆಂಟನ ಅಂಗೈಗೆ ಹಾಕಿದಳು.

“ತಲೆ ನೆಟ್ಟಗಿದೆಯೇನಕ್ಕಾ?” ಎಂದು ಸ್ತಾಮುಲಿಸ್ ಹಲ್ಲು ಕಡಿದ. “ಉಳ್ಕೊಂಡಿತ್ತಲ್ಲ.”

ಲೆಫ್ಟಿನೆಂಟ್ ಬರೆದದ್ದನ್ನು ಹೊಡೆದುಹಾಕಿ, ಕನೆಲ್ಲಳನ್ನೂ ಪಟ್ಟಿಗೆ ಸೇರಿಸಿದ. ಇನ್ನೇನು ಹೊರಡಬೇಕು, ಆಕೆ ಅವನ ತೋಳು ಹಿಡಿದಳು.

“ಇದನ್ನೂ ಬರ್ಕೊಳ್ಳಪ್ಪ. ಇದು ಮರಿ ಆಗಿದ್ದಾಗಿಂದ ಸಾಕಿದ್ದು ನನ್ನ ಮಗ. ಅವನ ವಾಸನೆ ಇದಕ್ಕೆ ಗೊತ್ತು. ಅಲ್ಲಿ ಎಲ್ಲಾದ್ರೂ ನಿಂತ್ಬಿಟ್ಟು, ಎಷ್ಟು ಎಳೆದ್ರೂ ಮುಂದಕ್ಕೆ ಹೆಜ್ಜೆ ಇಡ್ದೇ ಇದ್ರೆ ಹೊಡೀಬೇಡಿ. ಹಿಮ ಕೆದಕಿ ನೋಡಿ.”